ಸ್ಮಾರ್ಟ್ ಸಿಟಿಯ ಮೇಲೆ ಕೂತ ಕೋಳಿ

ಕಳೆದ ಶನಿವಾರ ಪುತ್ತೂರಿನ ದರ್ಬೆಯ ಒಂದು ಶಾಲೆಯ ಸಭಾಂಗಣದಲ್ಲಿ ಕೋಳಿಯೊಂದು ಹಾರಿ ಹೋಗಿ ಸ್ಮಾರ್ಟ್ ಸಿಟಿಯ ಅತಿ ಎತ್ತರದ ಕಟ್ಟಡದ ಮೇಲೆ ಕೂತಿತು. ಕೂತದ್ದು ಮಾತ್ರವಲ್ಲ, ಅಲ್ಲಿ ಮಾಡಬಾರದ್ದನ್ನೂ ಮಾಡಿತು. ಅದನ್ನು ಒಳಗೆ ತರಿಸಿದವನು ನಾನೇ. ಆ ಶಾಲೆಯವರು ಇನ್ನು ನನ್ನನ್ನು ಯಾವ ಕಾರ್ಯಕ್ರಮಕ್ಕೂ ಕರೆಯುವುದಿಲ್ಲ ಎಂಬುದು ಖಚಿತ.

ಆದದ್ದನ್ನು ಆದ ಹಾಗೆಯೇ ಹೇಳುತ್ತೇನೆ, ನೀವೇ ನೋಡಿ.

ಮುಖ್ಯೋಪಾಧ್ಯಾಯಿನಿ ಫೋನ್ ಮಾಡಿದ್ದರು. "ಸರ್, ನಾವು ಇನ್ನೋವೇಷನ್ ಡೇ ಇಟ್ಟಿದ್ದೇವೆ. ಮಕ್ಕಳಲ್ಲಿ ಕ್ರಿಯೇಟಿವಿಟಿ ಹೊರಗೆ ಬರ್ಬೇಕು ಅಂತ. ನೀವು ಜಡ್ಜ್ ಆಗಿ ಬರ್ಲೇಬೇಕು." ಮಿಕ್ಸಿ ಕೆಟ್ಟರೆ ಅದನ್ನು ಎರಡು ಸಲ ತಟ್ಟಿ ನೋಡುವುದಷ್ಟೇ ನನ್ನ ವಿಜ್ಞಾನ. ಆದರೂ ಒಪ್ಪಿಕೊಂಡೆ. (ಜಡ್ಜ್ ಎಂದು ಕರೆದರೆ ಬೇಡವೆನ್ನುವವರನ್ನು ನೀವು ನೋಡಿದ್ದೀರಾ?)

ಹೋಗಿ ನೋಡಿದರೆ ಅಂಗಳದಲ್ಲಿ ಮಕ್ಕಳು ಸಾಲಾಗಿ ನಿಂತಿದ್ದರು. ಎಲ್ಲರಿಗೂ ಒಂದೇ ಬಣ್ಣದ ಟೀ ಶರ್ಟ್. ಎಲ್ಲರ ಎದೆಯ ಮೇಲೂ ಒಂದೇ ಸಾಲು: 'ಎಲ್ಲರ ಹಾಗೆ ಯೋಚಿಸಬೇಡ'. ಸಾಲು ತಪ್ಪಿದವರನ್ನು ಪಿ.ಟಿ. ಮಾಸ್ಟ್ರು ಸೀಟಿ ಊದಿ ಸಾಲಿಗೆ ಸೇರಿಸುತ್ತಿದ್ದರು.

ಮುಖ್ಯ ಅತಿಥಿಗಳು ಊರಿನ ಉದ್ಯಮಿ. ದೀಪ ಹಚ್ಚಿ ಬಹಳ ಹೊತ್ತು ಮಾತಾಡಿದರು. "ಮಕ್ಕಳೇ, ಪ್ರಶ್ನೆ ಕೇಳಿ. ಪ್ರಶ್ನೆ ಕೇಳುವವನೇ ಜಗತ್ತನ್ನು ಬದಲಾಯಿಸುವವನು!" ಹಿಂದಿನ ಸಾಲಿನಲ್ಲಿ ಒಬ್ಬ ಹುಡುಗ ನಿಜಕ್ಕೂ ಕೈ ಎತ್ತಿದ. ಪಿ.ಟಿ. ಮಾಸ್ಟ್ರು ಸದ್ದಿಲ್ಲದೆ ಹೋಗಿ ಆ ಕೈಯನ್ನು ಕೆಳಗಿಳಿಸಿದರು. ಪಾಪ, ಅವನಿಗೆ ಬಾತ್‌ರೂಮಿಗೆ ಹೋಗಲಿಕ್ಕಿತ್ತೋ ಏನೋ.

ನಂತರ ವಸ್ತುಪ್ರದರ್ಶನ. ನನ್ನ ಜೊತೆ ಇನ್ನೊಬ್ಬ ತೀರ್ಪುಗಾರರು, ಫಿಸಿಕ್ಸ್ ಕಲಿಸಿ ನಿವೃತ್ತರಾದ ಲೆಕ್ಚರರ್. ಸಭಾಂಗಣದ ತುಂಬ ಜ್ವಾಲಾಮುಖಿಗಳು. ಒಂದು ಉಗುಳಿ ಮುಗಿಸುವಷ್ಟರಲ್ಲಿ ಪಕ್ಕದ್ದು ಶುರು. ಮಧ್ಯದಲ್ಲಿ ದೊಡ್ಡ ಮೇಜಿನ ಮೇಲೆ ಸ್ಮಾರ್ಟ್ ಸಿಟಿ. ಥರ್ಮೋಕೋಲಿನ ಕಟ್ಟಡಗಳು, ಮಿನುಗುವ ಬೀದಿದೀಪಗಳು, ತನ್ನಿಂದ ತಾನೇ ಓಡುವ ಮೆಟ್ರೋ. (ಮುಖ್ಯರಸ್ತೆಯಲ್ಲಿ ಕಾರು ನಿಲ್ಲಿಸಲು ಜಾಗ ಸಿಗದೆ ಆಗಷ್ಟೇ ಸುತ್ತಿ ಬಂದಿದ್ದ ನನಗೆ ಕಣ್ಣು ತುಂಬಿ ಬಂತು.)

"ಇದನ್ನು ನೀನೇ ಮಾಡಿದ್ದಾ?" ಎಂದು ಅದರ ಪಕ್ಕ ನಿಂತಿದ್ದ ಹುಡುಗನನ್ನು ಕೇಳಿದೆ.

"ಅಲ್ಲ ಸರ್. ಮಂಗಳೂರಿನಲ್ಲಿ ಮಾಡಿಸಿದ್ದು." ಪ್ರಾಮಾಣಿಕ ಹುಡುಗ.

ಹಿಂದೆ ನಿಂತಿದ್ದ ಅಪ್ಪ ಮುಂದೆ ಬಂದರು. "ಐಡಿಯಾ ಮಾತ್ರ ಇವನದ್ದೇ ಸರ್."

ಹುಡುಗ ಅಪ್ಪನ ಮುಖ ನೋಡಿದ. ಅವನಿಗೂ ಅದು ಹೊಸ ಸುದ್ದಿ.

ಕೊನೆಯಲ್ಲಿ, ಕೈ ತೊಳೆಯುವ ಬೇಸಿನ್ನಿನ ಹತ್ತಿರ, ಶ್ರಾವ್ಯ ನಿಂತಿದ್ದಳು. ಒಂಬತ್ತನೇ ತರಗತಿ. ಕಾಣಿಯೂರಿನಿಂದ ದಿನಾ ಬಸ್ಸಿನಲ್ಲಿ ಬರುವ ಹುಡುಗಿ. ಅವಳ ಮುಂದೆ ಹಳೆಯ ಹಲಗೆಗಳನ್ನು ಹೊಡೆದು ಮಾಡಿದ ಒಂದು ಪೆಟ್ಟಿಗೆ. ಚಾರ್ಟ್ ಇಲ್ಲ, ಬಣ್ಣ ಇಲ್ಲ.

"ಇದು ಎಂತ ಮಾರಾಯ್ತಿ?"

"ಕೋಳಿಗೂಡು ಸರ್. ತನ್ನಷ್ಟಕ್ಕೇ ಬಾಗಿಲು ಹಾಕಿಕೊಳ್ತದೆ."

ಅವಳ ಅಜ್ಜಿಗೆ ಕತ್ತಲಾದರೆ ಕಣ್ಣು ಕಾಣುವುದಿಲ್ಲ. ಅಪ್ಪ ಅಮ್ಮ ಕೆಲಸದಿಂದ ಬರುವುದು ತಡ. ಶ್ರಾವ್ಯಳ ಬಸ್ಸು ಊರು ಮುಟ್ಟುವಾಗ ಮುಸ್ಸಂಜೆ. ಅಷ್ಟರಲ್ಲಿ ಕಾಡುಬೆಕ್ಕು ಬಂದು ತೆರೆದ ಗೂಡಿನಿಂದ ಕೋಳಿ ಒಯ್ಯುತ್ತಿತ್ತು. ಅಜ್ಜಿ ಆ ಕೋಳಿಗಳನ್ನು ಹೆಸರು ಹಿಡಿದು ಕರೆಯುವವರು. ಒಂದೊಂದು ಹೋದಾಗಲೂ ಊಟ ಬಿಡುತ್ತಿದ್ದರು. ಅದಕ್ಕೆ ಹುಡುಗಿ ರಜೆಯಿಡೀ ಕೂತು ಈ ಗೂಡು ಮಾಡಿದ್ದಳು. ಒಳಗೆ, ಕತ್ತಲಾಗುವಾಗ ಕೋಳಿಗಳು ತಾವಾಗಿಯೇ ಬಂದು ಕೂರುವ ಅಡ್ಡಹಲಗೆ, ತಕ್ಕಡಿಯ ಹಾಗೆ ತೂಗುವಂಥದ್ದು. ಅದರ ಇನ್ನೊಂದು ತುದಿಗೆ ಕಲ್ಲು. ಎಲ್ಲ ಕೋಳಿಗಳೂ ಬಂದು ಕೂತರೆ ಮಾತ್ರ ಹಲಗೆ ಬಾಗುತ್ತದೆ, ಬಾಗಿಲನ್ನು ಎತ್ತಿ ಹಿಡಿದ ಕೊಕ್ಕೆ ಕಳಚುತ್ತದೆ, ಬಾಗಿಲು ಕೆಳಗೆ ಬೀಳುತ್ತದೆ. ಒಂದು ಹೊರಗುಳಿದರೂ ಬೀಳುವುದಿಲ್ಲ.

ಲೆಕ್ಚರರ್ ಕನ್ನಡಕ ಸರಿಮಾಡಿಕೊಂಡರು. "ಅದೆಲ್ಲ ಸರಿ. ಇದರಲ್ಲಿ ಸೆನ್ಸರ್ ಎಲ್ಲುಂಟು?"

"ಕೋಳಿಯೇ ಸರ್," ಎಂದಳು ಹುಡುಗಿ.

ನನಗೆ ನಗು ತಡೆಯಲಾಗಲಿಲ್ಲ. "ತೋರಿಸು ನೋಡುವ," ಎಂದೆ.

"ಕೋಳಿ ಹೊರಗೆ ಉಂಟು ಸರ್, ಮಾವನ ರಿಕ್ಷಾದಲ್ಲಿ. ಒಳಗೆ ತರ್ಬಾರ್ದು ಅಂದ್ರು ಟೀಚರ್. ಜ್ವಾಲಾಮುಖಿ ಮಾಡ್ಲಿಕ್ಕೆ ಹೇಳಿದ್ರು. ನಾನು ಮಾಡ್ಲಿಲ್ಲ. ಇಂಟರ್ನಲ್ಸ್ ಮಾರ್ಕ್ಸ್ ಕಟ್ ಮಾಡ್ತಾರಂತೆ." ಇಷ್ಟು ಹೇಳಿ ಅವಳು ಗೂಡಿನ ಕೊಕ್ಕೆಯನ್ನು ಇನ್ನೊಮ್ಮೆ ಸರಿಮಾಡಿದಳು.

ಕೋಳಿಯಿಲ್ಲದೆ ಅಂಕ ಕೊಡುವುದಿಲ್ಲ ಎಂದು ನಾನು ಹಟ ಹಿಡಿದೆ. ಮುಖ್ಯೋಪಾಧ್ಯಾಯಿನಿ ಮೇಡಂ ಬಂದರು. "ಸರ್, ಹೈಜೀನ್..." ಎಂದರು. ಜಡ್ಜ್ ಆದ ಮೇಲೆ ಸ್ವಲ್ಪ ಅಧಿಕಾರ ತೋರಿಸದಿದ್ದರೆ ಹೇಗೆ? ಮಾವ ಬುಟ್ಟಿ ತಂದು ಇಳಿಸಿದರು. ಒಳಗೆ ಮೂರು ಹೇಂಟೆಗಳು.

ಮುಚ್ಚಳ ತೆಗೆದದ್ದೇ ತಡ, ಒಂದು ಕೋಳಿ ಜ್ವಾಲಾಮುಖಿಗಳ ನಡುವೆ ನುಗ್ಗಿತು. ಇನ್ನೊಂದು ಮೇಜಿನ ಕೆಳಗೆ. ಮೂರನೆಯದು ಸ್ಮಾರ್ಟ್ ಸಿಟಿಯ ನೆತ್ತಿಗೆ. ಮೆಟ್ರೋ ಹಳಿ ತಪ್ಪಿತು. ಹುಡುಗನ ಅಪ್ಪ "ಹಿಡೀರಿ, ಹಿಡೀರಿ!" ಎಂದು ಕೂಗಿದರು. ಟೀಚರುಗಳು ಸೀರೆ ಎತ್ತಿಕೊಂಡು ಕುರ್ಚಿ ಹತ್ತಿದರು. ಶ್ರಾವ್ಯ ಮಾತ್ರ, "ಓಡಿಸ್ಬೇಡಿ, ಹೆದರ್ತವೆ, ಓಡಿಸ್ಬೇಡಿ," ಎನ್ನುತ್ತಿದ್ದಳು, ಅಳುವುದೊಂದು ಬಾಕಿ.

ಆಗ ಕರೆಂಟು ಹೋಯಿತು.

ಮುಖ್ಯ ಅತಿಥಿಗಳು ಆಮೇಲೆ ತೋರಿಸಲಿದ್ದ ಪಿ.ಪಿ.ಟಿ.ಗಾಗಿ ಕಿಟಕಿಗಳಿಗೆಲ್ಲ ಕರಿ ಪರದೆ ಎಳೆದಿದ್ದರು. ಬಾಗಿಲಿನ ಸಂದಿಯಿಂದ ಬಂದ ಬೆಳಕು ಬಿಟ್ಟರೆ ಇಡೀ ಸಭಾಂಗಣ ಮುಸ್ಸಂಜೆ. ಸ್ಮಾರ್ಟ್ ಸಿಟಿ ಕತ್ತಲಾಯಿತು. ಮೂಲೆಯಲ್ಲಿ ತಿರುಗುತ್ತಿದ್ದ ಸೌರವ್ಯೂಹದ ಮಾದರಿಯೂ ನಿಂತಿತು. ಯಾರೂ ಅಲ್ಲಾಡಲಿಲ್ಲ.

ಮೇಜಿನ ಕೆಳಗಿನ ಕೋಳಿ ಮೆಲ್ಲಗೆ ಹೊರಗೆ ಬಂತು. ಕುತ್ತಿಗೆ ಆಚೀಚೆ ಆಡಿಸಿತು. ನೆಟ್ಟಗೆ ನಡೆದು ಗೂಡಿನೊಳಗೆ ಹೋಯಿತು. ಜ್ವಾಲಾಮುಖಿಯ ಸಂದಿಯಿಂದ ಎರಡನೆಯದೂ ಹೋಯಿತು. ಬಾಗಿಲು ಬೀಳಲಿಲ್ಲ. ಶ್ರಾವ್ಯ ಉಸಿರು ಹಿಡಿದು ಸ್ಮಾರ್ಟ್ ಸಿಟಿಯ ಕಡೆ ನೋಡುತ್ತಿದ್ದಳು. "ಬಾ... ಬಾ..." ಎಂದು ಅಜ್ಜಿ ಕರೆಯುವ ಸ್ವರದಲ್ಲಿರಬೇಕು, ಮೆಲ್ಲಗೆ ಕರೆದಳು. ಕೋಳಿ ಕೆಳಗೆ ಹಾರಿತು, ನಡೆಯಿತು, ಒಳಗೆ ಹೋಯಿತು.

ಟಪ್!

ಬಾಗಿಲು ಬಿತ್ತು.

ಮಕ್ಕಳು ಒಮ್ಮೆಲೇ ಕೂಗಿದರು ನೋಡಿ! ಶಿಳ್ಳೆ, ಚಪ್ಪಾಳೆ, ಕುಣಿತ. "ಹೇಗೆ ಬಿತ್ತು? ಕಲ್ಲು ಎಷ್ಟು ಭಾರ? ಕೋಳಿ ದಪ್ಪ ಆದ್ರೆ ಎಂತ ಮಾಡುದು?" ಎಂದು ಶ್ರಾವ್ಯಳನ್ನು ಮುತ್ತಿದರು. ಜಗತ್ತನ್ನು ಬದಲಾಯಿಸುವ ಪ್ರಶ್ನೆಗಳೆಲ್ಲ ಬಂದದ್ದು ಆಗ. ಪಿ.ಟಿ. ಮಾಸ್ಟ್ರು ಸೀಟಿ ಊದಿದರು. ಯಾರೂ ಕೇಳಲಿಲ್ಲ.

ಈಗ ಫಲಿತಾಂಶಕ್ಕೆ ಬರೋಣ. ಅಂಕ ಕೊಡುವ ಹಾಳೆಯಲ್ಲಿ ಇದ್ದ ಕಾಲಂಗಳು: ನೀಟ್‌ನೆಸ್, ಚಾರ್ಟ್, ಇಂಗ್ಲಿಷ್ ವಿವರಣೆ, ಶಿಸ್ತು. ಯೋಚನೆಗೆ ಕಾಲಂ ಇರಲಿಲ್ಲ. ಕೇಳಿದ್ದಕ್ಕೆ ಮೇಡಂ, "ಅದು ಎಲ್ಲದ್ರಲ್ಲಿಯೂ ಬರ್ತದಲ್ಲ ಸರ್?" ಎಂದರು. ಲೆಕ್ಚರರ್ ಗೂಡಿನ ಬಗ್ಗೆ, "ಪ್ರಾಕ್ಟಿಕಲ್ ಅಲ್ಲ," ಎಂದರು. ಇಡೀ ಸಭಾಂಗಣದಲ್ಲಿ ಯಾರದಾದರೂ ಮನೆಯಲ್ಲಿ ನಿಜವಾಗಿ ಕೆಲಸ ಮಾಡುತ್ತಿದ್ದದ್ದು ಅದೊಂದೇ! ನಾನು ಜಗಳ ಮಾಡಿದೆ. "ಫಸ್ಟ್ ಬಂದದ್ದು ಜಿಲ್ಲಾ ಮಟ್ಟಕ್ಕೆ ಹೋಗ್ಬೇಕು. ಅಲ್ಲಿಗೆ ಕೋಳಿ ಕಳಿಸ್ಲಿಕ್ಕೆ ಆಗ್ತದಾ ಸರ್?" ಎಂದು ಮೇಡಂ ಮಾತು ಮುಗಿಸಿದರು. ಕೋಳಿಯ ಗುರುತು ಒರೆಸಿ, ಸ್ಮಾರ್ಟ್ ಸಿಟಿಗೆ ಮೊದಲ ಬಹುಮಾನ ಕೊಟ್ಟರು. ನನ್ನ ಜಗಳದಿಂದ ಆದದ್ದು ಒಂದೇ: ಶ್ರಾವ್ಯಳ ಇಂಟರ್ನಲ್ಸ್ ಅಂಕ ಕಡಿಮೆ ಮಾಡುವುದಿಲ್ಲ ಎಂದು ಅವಳ ಟೀಚರ್ ನನ್ನೆದುರೇ ಒಪ್ಪಿಕೊಂಡರು.

ಹೊರಗೆ ಅವಳು ಮಾವನ ಜೊತೆ ಗೂಡನ್ನು ರಿಕ್ಷಾಕ್ಕೆ ಹತ್ತಿಸುತ್ತಿದ್ದಳು.

"ಬೇಜಾರಾಯ್ತಾ?" ಎಂದೆ.

"ಆಯ್ತು ಸರ್." ಗೂಡನ್ನು ರಿಕ್ಷಾದ ಒಳಕ್ಕೆ ದೂಡಿದಳು. "ಆದ್ರೆ ಅಜ್ಜಿಗೆ ಹೇಳ್ಬೇಕು, ಪುತ್ತೂರಿನಲ್ಲಿಯೂ ಬಾಗಿಲು ಬಿತ್ತು ಅಂತ."

ನಿನ್ನೆ ಆ ಶಾಲೆಯ ವಾಟ್ಸ್ಆ್ಯಪ್ ಗ್ರೂಪಿನ ಸೂಚನೆಯೊಂದನ್ನು ಪರಿಚಿತ ಪೋಷಕರೊಬ್ಬರು ನನಗೆ ಕಳಿಸಿದರು. ಮುಂದಿನ ವರ್ಷದಿಂದ ಜೀವಂತ ಪ್ರಾಣಿಗಳಿಗೆ ಪ್ರವೇಶವಿಲ್ಲ. ಮಕ್ಕಳು ತಮ್ಮ ಹೊಸ ಐಡಿಯಾಗಳನ್ನು ಒಂದು ತಿಂಗಳು ಮೊದಲೇ ಸಮಿತಿಗೆ ತೋರಿಸಿ ಒಪ್ಪಿಗೆ ಪಡೆಯಬೇಕು. ಈ ಹಿಂದೆ ಯಾರೂ ಮಾಡಿರದಂಥವುಗಳಿಗೆ ಒಪ್ಪಿಗೆ ಸಿಗುವುದು ಕಷ್ಟ.

ಅಲ್ಲ ಮಾರಾಯ್ರೆ, ಹಿಂದೆ ಯಾರಾದರೂ ಮಾಡಿದ್ದರೆ ಅದನ್ನು ಹೊಸತು ಅಂತ ಕರೆಯುವುದು ಹೇಗೆ?