ಬೋರಲು ಗಡಿಗೆಗಳ ಸೂರು

ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ ಶಹಾಬಾದಿನಿಂದ ರೈಲು ಹಿಡಿದು ವಾಡಿಯಲ್ಲಿ ಇಳಿದೆ. ಸೇಡಂಗೆ ಟಿಕೆಟ್ ಕೇಳಿದಾಗ ಕೌಂಟರಿನವನು, "ಎಷ್ಟ್ ಮಂದಿರಿ?" ಎಂದ. "ಒಂದು" ಎಂದೆ. ಅವನಿಗೆ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಬೇಕಾಯಿತು.

ನಮ್ಮ ಯಜಮಾನರು ತೀರಿಕೊಂಡದ್ದು ಅದಕ್ಕೆ ಹಿಂದಿನ ಚಳಿಗಾಲದಲ್ಲಿ. ಕಡಿಮೆ ಖರ್ಚಿನ ಕಟ್ಟಡ ಕಟ್ಟುವ ಒಂದು ಸಂಸ್ಥೆಯಲ್ಲಿ ಅವರು ಸೂಪರ್‌ವೈಜರ್ ಆಗಿದ್ದರು. ಬೇರೆಯವರು ಬಿಸಾಡಿದ್ದನ್ನು ತಂದು ಗೋಡೆ ಎಬ್ಬಿಸುವುದೇ ಅವರ ಕೆಲಸ. ನಮ್ಮೂರಿನ ಗಣಿಗಳಲ್ಲಿ ಉಳಿಯುವ, ನೆಲಕ್ಕೆ ಹಾಸುವ ಫರಶಿ ಕಲ್ಲಿನ ತುಂಡು, ಫರಶಿ ಪಾಲಿಶ್ ಮಾಡುವಾಗ ಹರಿಯುವ ಬಿಳಿ ರಾಡಿ, ಕಾರ್ಖಾನೆಯ ಹಾರುಬೂದಿ, ಯಾವುದನ್ನೂ ಬಿಡುತ್ತಿರಲಿಲ್ಲ. ಅವರು ಕಡೆಯದಾಗಿ ಕಟ್ಟಿಸಿದ್ದು ಚಿಂಚೋಳಿ ತಾಲೂಕಿನಲ್ಲಿ, ಸುಲೇಪೇಟದ ಆಚೆಯ ಒಂದು ಸಣ್ಣ ಊರಿನ ಸಮುದಾಯ ಭವನ. ಅದರ ಸೂರಿನೊಳಗೆ ಮಣ್ಣಿನ ಗಡಿಗೆಗಳನ್ನು ಬಾಯಿ ಕೆಳಗಾಗಿ ಬೋರಲು ಕೂರಿಸಿ ನಡುನಡುವೆ ಕಾಂಕ್ರೀಟು ಹಾಕಿದ್ದರು. ಸಿಮೆಂಟು ಉಳಿಯುತ್ತದೆ, ಗಡಿಗೆಯೊಳಗಿನ ಗಾಳಿ ಬಿಸಿಲನ್ನು ಕೆಳಗೆ ಬಿಡುವುದಿಲ್ಲ ಎಂದು ಊಟಕ್ಕೆ ಕುಳಿತಾಗ ತಾಟು ಬೋರಲು ಹಾಕಿ ತೋರಿಸಿದ್ದರು. "ನೀ ಒಮ್ಮೆ ಬಾ, ಕೆಳಗ ಮಲಗಿ ನೋಡು" ಎನ್ನುತ್ತಿದ್ದರು.

ಹಿಂದಿನ ವಾರ ಅವರ ಜೊತೆಗೆ ದುಡಿದ ಮಹಬೂಬ ಮೇಸ್ತ್ರಿ ನಮ್ಮ ಓಣಿಯ ಎಸ್‌ಟಿಡಿ ಬೂತಿಗೆ ಫೋನು ಮಾಡಿ ನನ್ನನ್ನು ಕರೆಸಿದ್ದ. "ಭಾಬಿ, ಹಾಲ್‌ನಾಗ ಮದಿವಿ ಅದ. ಗಡಿಗಿ ಬಾಯಿ ಎಲ್ಲಾ ಮುಚ್ಚಿ ಸಿಮೆಂಟ್ ಗಿಲಾವ್ ಮಾಡ್ರಿ ಅಂತ ಊರ ಮಂದಿ ಅನ್ನಾಕತ್ತಾರ. ನೋಡೋದಿದ್ರ ಲಗೂನ ಬರ್ರಿ."

ನೋಡುವುದಕ್ಕಲ್ಲ, ತಡೆಯುವುದಕ್ಕೆ ನಾನು ಹೊರಟಿದ್ದೆ.

ವಾಡಿ ಬಿಟ್ಟ ಮೇಲೂ ಬಹಳ ದೂರ ಬೇವಿನ ಎಲೆಗಳು ಸಿಮೆಂಟಿನ ದೂಳಿನಿಂದ ಬೆಳ್ಳಗಿದ್ದವು. ಚಿತ್ತಾಪುರದಲ್ಲಿ ಹತ್ತಿದ ಹೆಂಗಸೊಬ್ಬಳು ಎದುರಿಗೆ ಕುಳಿತು ಬಾಳೆಹಣ್ಣು ಕೊಟ್ಟಳು.

"ಎಲ್ಲಿಗ್ರಿ ಅಕ್ಕಾರ?"

"ಚಿಂಚೋಳಿ ಕಡಿಗಿ."

"ಯಾರ ಅದಾರ್ರಿ ಅಲ್ಲಿ?"

"ಒಂದ್ ಕಟ್ಟಡ ಅದ" ಎಂದೆ.

"ಅಯ್ಯ, ಇಂಥಾ ಬಿಸಲಾಗ ಕಟ್ಟಡ ಮಾತಾಡ್ಸಾಕ ಹೊಂಟೀರೇನು!" ಎಂದು ನಕ್ಕಳು. ನಾನು ಕಿಟಕಿಯ ಕಡೆ ತಿರುಗಿದೆ. ಹೊಲದ ಬದುವಿಗೆ ನಿಲ್ಲಿಸಿದ್ದ ಫರಶಿ ಕಲ್ಲುಗಳು ಒಂದೊಂದಾಗಿ ಹಿಂದೆ ಸರಿಯುತ್ತಿದ್ದವು.

ಸೇಡಂ ಬಸ್‌ಸ್ಟ್ಯಾಂಡಿನಲ್ಲಿ ಚಹಾ ಕುಡಿದು ಚಿಂಚೋಳಿ ಬಸ್ಸು ಹತ್ತಿದೆ. ಕಿಟಕಿಯ ಸರಳು ಮುಟ್ಟಿದರೆ ಸುಡುತ್ತಿತ್ತು. ಪಕ್ಕದ ಸೀಟಿನಲ್ಲಿ ಯಾರೂ ಕೂರಲಿಲ್ಲವೆಂದು ಚೀಲ ಇಟ್ಟುಕೊಂಡೆ. ಸುಲೇಪೇಟದಲ್ಲಿ ಇಳಿದು ಟಂಟಂ ಆಟೋ ಹಿಡಿದು ಆ ಊರು ಮುಟ್ಟಿದಾಗ ನೆತ್ತಿಯ ಮೇಲೆ ಬಿಸಿಲು.

ಭವನದ ಹೊಸ್ತಿಲು ದಾಟಿದೊಡನೆ ಮೈಗೆ ತಂಪು ತಾಗಿತು. ತಲೆ ಎತ್ತಿದೆ. ಸಾಲುಸಾಲಾಗಿ ಗಡಿಗೆಗಳ ದುಂಡನೆಯ ಕಪ್ಪು ಬಾಯಿಗಳು. ಒಂದು ಮೂಲೆಯಲ್ಲಿ ಅಟ್ಟಣಿಗೆ ಕಟ್ಟಿಯಾಗಿತ್ತು. ಮಹಬೂಬ ಮೇಸ್ತ್ರಿ ಕೈ ಒರೆಸಿಕೊಂಡು ಎದುರಿಗೆ ಬಂದ. ಕೆಳಗೆ ನಾಲ್ಕಾರು ಹೆಂಗಸರು ತೊಗರಿ ಹಸನು ಮಾಡುತ್ತಿದ್ದರು. ಅವರಲ್ಲಿ ಹಿರಿಯಳಾದ ತುಳಜಮ್ಮ ಮದುಮಗಳ ಅಜ್ಜಿ.

"ಇವನ್ಯಾಕ ಮುಚ್ಚಸ್ತೀರಿ ಅವ್ವಾರ?" ಎಂದು ಕೇಳಿದೆ.

"ನಮಗೇನಿಲ್ಲವ್ವಾ, ಭಾಳ ತಂಪದ, ದಿನಾ ಇಲ್ಲೇ ಕುಂದ್ರತೀವಿ. ಆದ್ರ ಹುಡಿಗಿ ತಲಿಗಿ ಅಕ್ಕಿಕಾಳ ಹಾಕೂಮುಂದ ಮ್ಯಾಲ ಒಡಕ್ ಗಡಿಗಿ ಇರಬಾರ್ದು. ಮುಚ್ಚಲಿಲ್ಲಂದ್ರ ಹೊರಗ ಬಿಸಲಾಗ ಪೆಂಡಾಲ್ ಹಾಕ್ತೀವಿ."

"ಒಡಕು ಅಂತ ಕೆಳಗಿಂದ ಹ್ಯಾಂಗ ಗೊತ್ತಾತು?"

ಹೆಂಗಸರೆಲ್ಲ ನಕ್ಕರು. "ಸುಲೇಪೇಟ ಸಂತ್ಯಾಗ ನಾವೇ ಬೆರಳಿಲೆ ಬಾರಿಸಿ, ಠಣ್ ಅನ್ಲಿಲ್ಲಂತ ಬಿಟ್ಟು ಬಂದ ಗಡಿಗಿ ಅವು! ಆ ಸಾಹೇಬ ಅವನ್ನೇ ಗಾಡಿ ತುಂಬ ಹೇರ್ಕೊಂಡ್ ಬಂದು ನಮ್ಮ ತಲಿ ಮ್ಯಾಲ ಕುಂದ್ರಿಸ್ಯಾನ ನೋಡು" ಎಂದಳು ತುಳಜಮ್ಮ.

"ಅಜ್ಜೀ, ಇವ್ರು ಆ ಸಾಹೇಬ್ರ ಮನಿಯವ್ರು" ಎಂದ ಮಹಬೂಬ.

ಮುದುಕಿಯ ಕೈಯೊಳಗಿನ ಮೊರ ನಿಂತಿತು. ಬಳೆಯಿಲ್ಲದ ನನ್ನ ಕೈ ನೋಡಿದಳು. "ಉಂಡೀಯೇನವ್ವಾ?" ಎಂದು ಕೇಳಿ, ನನ್ನನ್ನು ಹತ್ತಿರ ಕೂರಿಸಿಕೊಂಡು ರೊಟ್ಟಿ, ನಂಜಿಕೊಳ್ಳಲು ಶೇಂಗಾ ಹಿಂಡಿ ಕೊಟ್ಟಳು.

ಕುಂಬಾರರಲ್ಲಿ ಮಾರಾಟವಾಗದೆ ಉಳಿದ ಗಡಿಗೆ ವ್ಯರ್ಥವಾಗಬಾರದು ಎಂದಷ್ಟೇ ನಮ್ಮ ಯಜಮಾನರು ಯೋಚಿಸಿದ್ದರು. ಸಿಮೆಂಟು, ಕಬ್ಬಿಣ, ಬಿಸಿಲು ಎಲ್ಲದರ ಲೆಕ್ಕ ಹಾಕಿದ್ದರು. ಸಂತೆಯಲ್ಲಿ ಹೆಂಗಸರು ಗಡಿಗೆ ಬಾರಿಸುವುದು ಅವರ ಕಿವಿಗೆ ಬಿದ್ದಿರಲೇ ಇಲ್ಲ. ನಾನೂ ಬಾರಿಸದೆ ಒಂದು ಗಡಿಗೆಯನ್ನೂ ಮನೆಗೆ ತಂದವಳಲ್ಲ. ಎಷ್ಟೋ ದಿನದ ಮೇಲೆ ನಗು ಬಂತು. ಮನೆಗೆ ಹೋಗಿ ಇದನ್ನು ಅವರಿಗೆ ಹೇಳಬೇಕು ಎಂದುಕೊಂಡೆ. ಆಮೇಲೆ ಮುರಿದ ರೊಟ್ಟಿಯ ತುಣುಕನ್ನು ಮತ್ತೆ ಕೆಳಗಿಟ್ಟೆ.

"ಮುಚ್ಚಿದ್ರ ತಂಪು ಹೋಗ್ತದೇನು?" ಎಂದು ಮಹಬೂಬನನ್ನು ಕೇಳಿದೆ.

"ಇಲ್ರಿ ಭಾಬಿ. ಬಾಯಿಗಿ ಸಿಮೆಂಟ್ ಚೀಲದ ಕಾಗದ ತುರುಕಿ ಮ್ಯಾಲ ತೆಳ್ಳಗ ಗಿಲಾವ್ ಹಚ್ತೀನಿ. ಒಳಗಿನ ಗಾಳಿ ಎಲ್ಲಿಗಿ ಹೋಗ್ತದ?"

ಹೆಂಗಸರು ಮೊರ ಆಡಿಸುವುದನ್ನು ಬಿಟ್ಟು ನನ್ನನ್ನೇ ನೋಡುತ್ತಿದ್ದರು.

"ಹಂಗಾದ್ರ ಮುಚ್ಚ್ರಿ" ಎಂದೆ.

ಮಧ್ಯಾಹ್ನವೆಲ್ಲ ನೆಲದ ಮೇಲೆ ಕುಳಿತು ಸಿಮೆಂಟಿನ ಚೀಲ ಹರಿದು ಕಾಗದದ ಉಂಡೆ ಮಾಡಿ ಮೇಲೆ ಕೊಟ್ಟೆ. "ಸರ್ ಇದ್ದಿದ್ರ ಜಗಳಾ ಆಡ್ತಿದ್ರು ಭಾಬಿ" ಎಂದ ಮಹಬೂಬ. "ಜಗಳಾಡಿ, ಆಮ್ಯಾಲ ಇಲ್ಲೇ ಕುಂತು ಕಾಗದ ಹರೀತಿದ್ರು" ಎಂದೆ. ಕಡೆಯ ಸಾಲಿಗೆ ನಾನೇ ಅಟ್ಟಣಿಗೆ ಹತ್ತಿದೆ. ಒಂದು ಗಡಿಗೆಯ ಒಳಮೈಯನ್ನು ಬೆರಳ ಗೆಣ್ಣಿನಿಂದ ಬಾರಿಸಿದೆ. ಠಣ್ ಎನ್ನದೆ ಬದ್ ಎಂದಿತು. ನಾನಾದರೂ ಅದನ್ನು ಸಂತೆಯಲ್ಲೇ ಬಿಟ್ಟು ಬರುತ್ತಿದ್ದೆ. ಒಳಗೆ ಕೈ ಇಟ್ಟುಕೊಂಡು ಸ್ವಲ್ಪ ಹೊತ್ತು ನಿಂತೆ. ತಣ್ಣಗಿತ್ತು. ಆಮೇಲೆ ಕಾಗದ ತುರುಕಿ, ಬೆರಳಿನಿಂದಲೇ ಗಿಲಾವ್ ಸವರಿದೆ.

ಹೊತ್ತು ಇಳಿದ ಮೇಲೆ ಟಂಟಂ ಹತ್ತಿದೆ. ತಿರುಗಿ ನೋಡಿದಾಗ ತುಳಜಮ್ಮ ಬಾಗಿಲಲ್ಲಿ ನಿಂತಿದ್ದಳು. ಅವಳ ಹಿಂದೆ ಹುಡುಗಿಯರು ನೆಲದ ಮೇಲೆ ಬಿದ್ದಿದ್ದ ಗಿಲಾವನ್ನು ಗುಡಿಸುತ್ತಿದ್ದರು. ರಸ್ತೆ ತಿರುಗಿತು, ಭವನ ಮರೆಯಾಯಿತು. ನನ್ನ ಬೆರಳುಗಳ ಮೇಲೆ ಸಿಮೆಂಟು ಒಣಗಿ ಬಿಗಿಯುತ್ತಿತ್ತು. ಸೇಡಂ ಸ್ಟೇಷನ್ನಿನ ನಲ್ಲಿಯಲ್ಲಿ ಒಂದೇ ಕೈಯಿಂದ ಮುಖ ತೊಳೆದುಕೊಂಡೆ. ಗಡಿಗೆಯೊಳಗೆ ಇಟ್ಟಿದ್ದ ಆ ಕೈಯನ್ನು ಮಾತ್ರ ಶಹಾಬಾದ್ ಮುಟ್ಟುವವರೆಗೆ ತೊಳೆಯಲಿಲ್ಲ.