ಸಲಾಡಿನೊಳಗಿನ ಉಪ್ಪು

ಪುತ್ತೂರಿನ ಒಣಮೀನು ಅಂಗಡಿಯ ಕಾಕ ಹಿಂದೆ ಗಲ್ಫಿನಲ್ಲಿ ಇಟಲಿಯವರ ಹೋಟೆಲಿನಲ್ಲಿ ಅಡುಗೆಗಿದ್ದವರು. ಮೀನಿಗಂಟಿದ ಉಪ್ಪನ್ನು ಬೆರಳಿನಿಂದ ಕೊಡವುತ್ತಾ, "ಉಪ್ಪು ನೀರಿನಲ್ಲಿ ಮಾತ್ರ ಅಲ್ಲ, ಮಾತಿನಲ್ಲಿಯೂ ಕರಗುದು ಮಾರಾಯ್ರೆ" ಎನ್ನುತ್ತಿದ್ದರು.

ಒಮ್ಮೆ ನಾನು ಮೀನು ಕೊಳ್ಳಲು ಹೋದಾಗ ನನ್ನ ವಿದ್ಯಾರ್ಥಿಗಳಿಬ್ಬರೂ ಅಂಗಡಿಯಲ್ಲಿದ್ದರು. ಕಾಕ ಹೇಳಿದರು: "ಇಟಲಿಯವರು ಉಪ್ಪಿಗೆ ಸಾಲೆ ಅಂತ ಹೇಳುದು. ಸಲಾಡ್, ಸಾಸ್ ಎಲ್ಲ ಉಪ್ಪಿನಿಂದಲೇ ಬಂದ ಹೆಸರು."

ಇಂಗ್ಲಿಷ್ ಮೇಷ್ಟ್ರಾದ ನಾನು ನಕ್ಕೆ. "ಸಲಾಡಿಗೂ ಉಪ್ಪಿಗೂ ಎಂತ ಸಂಬಂಧ? ನೀವು ಮೀನು ತೂಗಿ" ಎಂದೆ. ಹುಡುಗರೂ ನಕ್ಕರು. ಕಾಕ ತಲೆ ತಗ್ಗಿಸಿ ತೂಗಿದರು.

ಮನೆಯಲ್ಲಿ ನಿಘಂಟು ತೆರೆದರೆ ಅವರ ಮಾತೇ ಸರಿಯಾಗಿತ್ತು.

ತಪ್ಪೊಪ್ಪಿಕೊಳ್ಳಲೆಂದೇ ಮರುವಾರ ಹೋದೆ. ಅಂಗಡಿ ತುಂಬ ಜನರಿದ್ದರು. ಕಾಕನೇ ಮೆಲ್ಲಗೆ ಕೇಳಿದರು, "ಮಾಷ್ಟ್ರೆ, ಆ ಸಲಾಡಿನ ಹೆಸರು, ಸರಿಯಾದದ್ದು ಯಾವುದು? ಮೊಮ್ಮಗಳಿಗೂ ಹಾಗೆಯೇ ಹೇಳಿಕೊಟ್ಟಿದ್ದೆ. ತಿದ್ದಬೇಕಲ್ಲ."

"ಅದೆಲ್ಲ ಈಗ ಎಂತಕ್ಕೆ ಕಾಕಾ" ಎಂದು ಪೊಟ್ಟಣ ಹಿಡಿದು ಹೊರಟುಬಿಟ್ಟೆ.