ಮುಚ್ಚಳ ಬೇಡ ಎಂದವನು ನಾನೇ

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಚಿತ್ರದುರ್ಗದ ಕಡೆಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಯಂತ್ರ ವಿನ್ಯಾಸ ಕಲಿಸುತ್ತಿದ್ದೆ. ಕೊನೆಯ ವರ್ಷದವರಿಗೆ ನನ್ನದೊಂದು ಷರತ್ತು: ನೀವು ಮಾಡುವ ವಸ್ತುವನ್ನು ಹಳ್ಳಿಯ ಬಡಗಿ, ಕಮ್ಮಾರರೂ ಮಾಡುವಂತಿರಬೇಕು, ಕೆಟ್ಟರೆ ಅವರೇ ರಿಪೇರಿ ಮಾಡುವಂತಿರಬೇಕು, ಚೂರು ಕಬ್ಬಿಣವೂ ದಂಡವಾಗಬಾರದು. ಸಹೋದ್ಯೋಗಿಗಳು ಅದನ್ನು ‘ಬಡಗಿ ಕ್ಲಾಸು’ ಎಂದು ನಗುತ್ತಿದ್ದರು. ಅವರು ನಕ್ಕಷ್ಟೂ ನನ್ನ ಹಟ ಬಿಗಿಯಾಗುತ್ತಿತ್ತು.

ಆ ವರ್ಷ ಮೂವರು ವಿದ್ಯಾರ್ಥಿಗಳು ಬಿತ್ತನೆ ಶೇಂಗಾ ಸುಲಿಯುವ ಕೈಯಂತ್ರ ಮಾಡಲು ಹೊರಟರು. ಬೀಜದ ಮೇಲಿನ ಕೆಂಪು ಸಿಪ್ಪೆ ಹರಿದರೆ ಮೊಳಕೆ ಕೆಡುತ್ತದೆಂದು ಹೆಂಗಸರು ಬೆರಳಲ್ಲೇ ಒತ್ತಿ ಸುಲಿಯುತ್ತಿದ್ದರು. ಮುಂಗಾರಿನ ಹೊತ್ತಿಗೆ ಅವರ ಬೆರಳ ತುದಿಗಳನ್ನು ನೋಡುವಂತಿರಲಿಲ್ಲ. ಮೂವರಲ್ಲಿ ಮುಂದಾಳು ಹೊಸದುರ್ಗದ ಕಡೆಯ ಕುರಿಗಾರರ ಮಗ. ಮಾತು ಕಡಿಮೆ, ಕೈ ಚುರುಕು.

“ಸಾರ್, ಹಲ್ಲುಚಕ್ರಕ್ಕೆ ಮುಚ್ಚಳ ಬರ್ದೀನಿ” ಎಂದು ಅವನು ನಕ್ಷೆ ತೋರಿಸಿದ.

“ಅಷ್ಟು ತಗಡು ಯಾಕೆ ದಂಡ? ತೆಗೆದುಬಿಡು” ಎಂದೆ.

ಅವನು ಆ ಗೆರೆಗಳನ್ನು ರಬ್ಬರಿನಿಂದ ಅಳಿಸಿದ.

ಯಂತ್ರವನ್ನು ಕಾಲೇಜಿನ ವ್ಯಾನಿನಲ್ಲಿ ಜವನಗೊಂಡನಹಳ್ಳಿಗೆ ಒಯ್ದೆವು. ನಮಗೆ ಮೊದಲಿಂದ ಕಾಯಿ ಕೊಟ್ಟು ಸಹಕರಿಸುತ್ತಿದ್ದ ರೈತ ಹೆಂಗಸೊಬ್ಬರು ಹಿಡಿ ತಿರುಗಿಸಲು ಕುಳಿತರು. ಬೀಜಗಳು ಇಡಿಯಾಗಿ ಉದುರತೊಡಗಿದವು. ಸುತ್ತ ಸೇರಿದವರು “ಹೋ” ಎಂದರು. ನಾನು ಬೀಗುತ್ತಿದ್ದೆ. ಅಷ್ಟರಲ್ಲಿ ಆಕೆಯ ಸೆರಗು ಹಲ್ಲುಗಳ ನಡುವೆ ಸಿಕ್ಕಿತು. ಆಕೆ ಗಾಬರಿಯಲ್ಲಿ ಹಿಡಿಯನ್ನು ಇನ್ನೂ ಜೋರಾಗಿ ತಿರುಗಿಸಿದರು. ಸೆರಗು ಕುತ್ತಿಗೆಗೆ ಬಿಗಿಯಿತು. ಕುರಿಗಾರರ ಹುಡುಗ ಹಾರಿಬಂದು ಸೆರಗನ್ನು ಎಳೆದ. ಬಟ್ಟೆ ಬಿಟ್ಟಿತು. ಅವನ ಬಲಗೈ ತೋರುಬೆರಳು ಹಲ್ಲುಗಳ ನಡುವೆ ಸಿಕ್ಕಿ ಜಜ್ಜಿಹೋಯಿತು.

ಹಿರಿಯೂರಿನ ಆಸ್ಪತ್ರೆ ಸೇರುವವರೆಗೂ ಅವನು ನರಳಲಿಲ್ಲ. ಅದನ್ನೇ ನನಗೆ ಸಹಿಸಲಾಗಲಿಲ್ಲ. ಬೆರಳಿನ ಮೇಲಿನ ಗೆಣ್ಣನ್ನು ತೆಗೆಯಬೇಕಾಯಿತು.

ಮರುದಿನ ಪ್ರಿನ್ಸಿಪಾಲರು ನನ್ನನ್ನು ಕರೆದು, “ತನ್ನದೇ ಅಜಾಗ್ರತೆ ಅಂತ ಹುಡುಗ ಹೇಳಿದ್ದಾನೆ. ಇಲ್ಲಿಗೆ ಮುಗಿಸೋಣ” ಎಂದರು. ಅವನು ನನ್ನನ್ನು ಉಳಿಸಲು ಹಾಗೆ ಹೇಳಿದ್ದ. ನಾನು ತಲೆಯಾಡಿಸಿ ಹೊರಬಂದೆ. ಎರಡು ದಿನ ಪಾಠ ಮಾಡಿದೆ, ಊಟ ಮಾಡಿದೆ, ಬಾಯಿ ಬಿಡಲಿಲ್ಲ.

ಮೂರನೆಯ ದಿನ ಅವನ ಅಪ್ಪ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ವರಾಂಡದಲ್ಲಿ ನಿಂತಿದ್ದರು.

“ಸಣ್ಣೋನಿಂದ ಕುರಿ ಉಣ್ಣೆ ಕತ್ರಿಸ್ದೋನು ನನ್ನ ಮಗ. ಒಂದಿನ ಕೈ ಕುಯ್ಕಂಡೋನಲ್ಲ. ಇಲ್ಲೆಂಗಾತು, ಹೇಳ್ರಿ ಮೇಷ್ಟ್ರೇ.”

“ಅವನು ಮುಚ್ಚಳ ಬರೆದಿದ್ದ. ಬೇಡ ಎಂದವನು ನಾನೇ” ಎಂದೆ.

ಅವರು ಕೂಗಾಡಿದ್ದರೆ ಹಗುರಾಗುತ್ತಿತ್ತು. ಹೆಗಲ ಮೇಲಿನ ಕಂಬಳಿ ಸರಿಮಾಡಿಕೊಂಡು, “ಒಳಗಿರೋ ದೊಡ್ಡೋರ ಮುಂದೂ ಹಿಂಗೇ ಹೇಳ್ತೀರಾ?” ಎಂದರು.

ಅವರೊಂದಿಗೇ ಒಳಗೆ ಹೋಗಿ ಹೇಳಿದೆ. ಪ್ರಿನ್ಸಿಪಾಲರ ಮುಖ ಕಪ್ಪಿಟ್ಟಿತು. ಇನ್ನೊಂದು ತಿಂಗಳಲ್ಲಿ ಯಂತ್ರ ನಿರಪಾಯವಾಗದಿದ್ದರೆ ಈ ಕ್ಲಾಸೇ ಇರುವುದಿಲ್ಲ ಎಂದರು.

ಬ್ಯಾಂಡೇಜು ಬಿಚ್ಚುವ ಮೊದಲೇ ಹುಡುಗ ಮುಚ್ಚಳ ಹಾಕಿದ ಯಂತ್ರದೊಂದಿಗೆ ನನ್ನ ಜೊತೆ ಮತ್ತೆ ಹಳ್ಳಿಗೆ ಬಂದ. ಆ ಹೆಂಗಸು ಯಂತ್ರವನ್ನು ಮುಟ್ಟಲಿಲ್ಲ.

“ಮುಚ್ಚಳ ಹಾಕೀವಮ್ಮ” ಎಂದ ಅವನು.

“ಒಂದಿನ ಯಾರಾರ ಬಿಚ್ಚಿಟ್ಟು ಮರೀತಾರಪ್ಪ. ಆ ಹಲ್ಲೇ ಯಾಕೆ ಬೇಕು?” ಎಂದವರೇ ಆಕೆ ನೆಲದ ಮೇಲೆ ನಾಲ್ಕು ಕಾಯಿ ಹರಡಿ, ಟೈರಿನ ಚಪ್ಪಲಿ ಮೆಟ್ಟಿದ ಕಾಲಿನಿಂದ ಹಗುರಾಗಿ ಹಿಂದೆ ಮುಂದೆ ಉಜ್ಜಿದರು. ಹೊರಸಿಪ್ಪೆ ಬಿಚ್ಚಿ ಬೀಜ ಹೊರಬಂತು. “ತಿರುಗ್ಸೋದ್ಯಾಕೆ? ಹಿಂಗೆ ಆ ಕಡೆ ಈ ಕಡೆ ಆಡ್ಸಿದ್ರೆ ಆಗಲ್ವಾ?”

ಹುಡುಗ ನನ್ನ ಮುಖ ನೋಡಿದ. ಅಪಘಾತದ ನಂತರ ಮೊದಲ ಬಾರಿಗೆ ನಕ್ಕ.

ಊರಿನ ಬಡಗಿ ಜಾಲಿಮರದ ಚೌಕಟ್ಟು ಮಾಡಿದ. ತೊಟ್ಟಿಲಿನಂತೆ ತೂಗುವ ಹಿಡಿಯ ಅಡಿಗೆ ಹಳೇ ಟೈರಿನ ಪಟ್ಟಿ, ಕೆಳಗೆ ಕಬ್ಬಿಣದ ಜಾಲರಿ. ಹಲ್ಲುಚಕ್ರ ಇರಲೇ ಇಲ್ಲ. ಯಂತ್ರದ ಪರೀಕ್ಷೆಯ ದಿನ ಆ ಹೆಂಗಸು ತಮ್ಮ ಗಂಡನ ಪಂಚೆ ತಂದು ನನ್ನ ಕೈಗಿಟ್ಟರು.

“ಇದನ್ನ ಉಟ್ಕಂಡು ಮೊದ್ಲು ನೀವು ಕುಂತ್ಕಳ್ರಿ ಮೇಷ್ಟ್ರೇ.”

ಉಟ್ಟು ಕುಳಿತೆ. ಹಿಡಿ ಹಿಡಿದೆ. ಪಂಚೆಯ ಅಂಚನ್ನು ಬೇಕೆಂದೇ ಹತ್ತಿರ ಬಿಟ್ಟು ಆಡಿಸಿದೆ. ಸಿಕ್ಕಿಕೊಳ್ಳುವ ಜಾಗವೇ ಇರಲಿಲ್ಲ. ಆಕೆ ಬಿದ್ದ ಬೀಜವನ್ನು ಬೊಗಸೆಯಲ್ಲಿ ಎತ್ತಿ ಆರಿಸಿ ನೋಡಿ, “ಎಲ್ಡು ಒಡ್ದವೆ. ಉಳಿದದ್ದು ಬಿತ್ತಬೋದು” ಎಂದರು.

ಕ್ಲಾಸು ಉಳಿಯಿತು. ಹುಡುಗ ಎಡಗೈಯಲ್ಲಿ ನಕ್ಷೆ ಬರೆಯುವುದನ್ನು ಅಭ್ಯಾಸ ಮಾಡಿಕೊಂಡಿದ್ದ. ಗೆರೆಗಳು ಅಲ್ಲಲ್ಲಿ ಸೊಟ್ಟಗಿದ್ದವೆಂದು ಹೊರಗಿನ ಪರೀಕ್ಷಕರು ಅಂಕ ಕಳೆದರು. ನಾನು ವಾದಕ್ಕಿಳಿದೆ. ಅವನೇ ತಡೆದ.

“ಬಿಡ್ರಿ ಸಾರ್. ಪಾಸಾಗೀನಲ್ಲ.”